ಇವತ್ತಿನವರು, ನಾಳಿನವರು

ಆ ಊರ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಹಾಜರಿ ಪುಸ್ತಕ ಎರಡಿದ್ದವು. ಒಂದರ ಮೇಲೆ ನೀಲಿ ಶಾಯಿಯಲ್ಲಿ ‘ಇವತ್ತಿನವರು’ ಎಂದು ಬರೆದಿತ್ತು, ಇನ್ನೊಂದರ ಮೇಲೆ ‘ನಾಳಿನವರು’ ಎಂದು. ಎರಡನ್ನೂ ತಿರುವಿ ಹಾಕಿ, ಇದೇನೆಂದು ಹೆಡ್‌ಮಾಸ್ತರರನ್ನು ಕೇಳಿದೆ.

“ಈ ಪುಸ್ತಕ ನಾ ಬರ್ಯಾಕ ಕುಂತ ದಿನದ ಹೆಸರು ಅವು” ಅಂದರು. “ಅವತ್ತ ಯಾರು ಮಲಗಿದ್ರೋ ಅವ್ರು ಇವತ್ತಿನವ್ರು. ಮರದಿನ ಯಾರು ಮಲಗಿದ್ರೋ ಅವ್ರು ನಾಳಿನವ್ರು. ಆಮ್ಯಾಲ ದಿನಾ ಉರಳಿದ್ವು, ಹೆಸರು ಹಂಗ ಉಳದ್ವು.”

“ಮಲಗಿದ್ರು ಅಂದ್ರ?”

“ಪಾಳಿ ಜ್ವರರೀ. ಒಂದಿನ ಬಿಟ್ಟ ಒಂದಿನ ಬರತೈತಲ್ಲ, ಅದು. ಅರ್ಧಾ ಊರಿಗೆ ಇವತ್ತ ಬಂದ್ರ ಉಳದ ಅರ್ಧಾಕ್ಕ ನಾಳೆ. ಒಂದ ಪಾಠ ನಾ ಎರಡ ಸಲ ಹೇಳ್ತೀನಿ. ಈಗ ರೂಢಿ ಆಗೇತಿ.”

ಅವರು ಇದನ್ನು ದೂರಿನಂತೆ ಹೇಳಲಿಲ್ಲ. ಬಸ್ಸಿನ ವೇಳೆ ತಿಳಿಸುವವರ ಹಾಗೆ ಹೇಳಿದರು.

ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿದ್ದವು. ನಾನು ಮಲೇರಿಯಾ ಇನ್‌ಸ್ಪೆಕ್ಟರ್. ಕಾಲುವೆಯ ಹೊಸ ಭಾಗಕ್ಕೆ ನೀರು ಬಿಟ್ಟ ಕಡೆಯಲ್ಲೆಲ್ಲ ಊರೂರು ನೋಡಿ, ಔಷಧಿ ಹೊಡೆಸಿ, ವರದಿ ಕಳಿಸುವುದು ನನಗೆ ವಹಿಸಿದ ಕೆಲಸ. ಮಹಾಲಿಂಗಪುರ ಮತ್ತು ಬನಹಟ್ಟಿಗಳ ನಡುವಿನ ಆ ಊರಿಗೆ ಹೋದಾಗ ದಸರೆ ಮುಗಿದಿತ್ತು. ಹಿಂದಿನ ವರ್ಷವೇ ಅಲ್ಲಿಗೆ ನೀರು ಬಂದಿತ್ತು. ಊರ ಮುಂದೆ ಕಬ್ಬು ಆಳೆತ್ತರ ನಿಂತಿತ್ತು. ಬಾವಿಗಳಲ್ಲಿ ಬಗ್ಗಿ ಕೊಡ ಮುಳುಗಿಸುವಷ್ಟು ನೀರು. ದನಗಳ ಮೈ ಮಿರಮಿರ ಮಿಂಚುತ್ತಿತ್ತು. ಇಂಥ ಊರಿನಲ್ಲಿ ಜ್ವರ ಹುಡುಕಲು ಬಂದವನಿಗೆ ಮೊದಲು ತಾನೇ ತಪ್ಪು ಊರಿಗೆ ಬಂದೆನೇನೋ ಅನ್ನಿಸಬೇಕು.

ಅವತ್ತು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಮಾಸ್ತರರು ಲೆಕ್ಕ ಹೇಳಿಕೊಡುತ್ತಿದ್ದರು. ಅವರು ಬಿಡಿ ಅನ್ನಲಿಲ್ಲ, ಗಂಟೆಯನ್ನೂ ಬಾರಿಸಲಿಲ್ಲ. ಆದರೂ ಸುಮಾರು ಅರ್ಧ ಮಕ್ಕಳು ಪಾಟಿ ಎತ್ತಿಕೊಂಡು ಎದ್ದರು. ಗದ್ದಲವಿಲ್ಲ, ನೂಕಾಟವಿಲ್ಲ. ಒಬ್ಬರ ಹಿಂದೆ ಒಬ್ಬರು ಬಾಗಿಲು ದಾಟಿದರು. ಉಳಿದವರು ತಲೆಯೆತ್ತಿ ಕೂಡ ನೋಡಲಿಲ್ಲ. ಮಾಸ್ತರರು ಹಲಗೆಯ ಕಡೆ ಮುಖ ಮಾಡಿಕೊಂಡೇ ಮುಂದಿನ ಲೆಕ್ಕ ಬರೆದರು.

ನಾನು ಆ ಮಕ್ಕಳ ಹಿಂದೆ ಹೋದೆ. ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಓಣಿಯ ಎರಡೂ ಕಡೆ ಕಟ್ಟೆಗಳ ಮೇಲೆ ಕೌದಿ ಹಾಸುತ್ತಿದ್ದರು. ಹೊಲದಿಂದ ಗಂಡಸರು ಬಂದರು. ಒಲೆಯ ಮುಂದಿನಿಂದ ಹೆಂಗಸರು ಎದ್ದು ಬಂದರು. ಬಂದವರು ಬಂದ ಹಾಗೆ ಮಲಗಿ, ತಲೆಯ ತನಕ ಹೊದ್ದುಕೊಂಡರು. ಇನ್ನರ್ಧ ಮಂದಿ ಅವರ ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟು ತಮ್ಮ ಕೆಲಸಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಮೊದಲ ಕೌದಿ ಅಲುಗಿತು. ಆಮೇಲೆ ಪಕ್ಕದ್ದು, ಅದರಾಚೆಯದು. ನಾನು ನೋಡುತ್ತ ನಿಂತ ಹಾಗೆ ಓಣಿಯುದ್ದಕ್ಕೂ ಕೌದಿಗಳು ನಡುಗತೊಡಗಿದವು. ಹಲ್ಲು ಕಟಕಟಿಸುವ ಸದ್ದು ಬಿಟ್ಟರೆ ಮತ್ತೇನೂ ಕೇಳಿಸುತ್ತಿರಲಿಲ್ಲ.

ಪಾಳಿ ಜ್ವರವನ್ನು ನಾನು ಅನೇಕ ಕಡೆ ನೋಡಿದ್ದೆ. ಒಬ್ಬರದು ಇವತ್ತು, ಇನ್ನೊಬ್ಬರದು ನಾಳೆ, ಒಬ್ಬರದು ಬೆಳಿಗ್ಗೆ, ಒಬ್ಬರದು ಸಂಜೆ, ಹೀಗೆ ಚೆದುರಿಕೊಂಡೇ ಇರುತ್ತದೆ. ಇಡೀ ಊರು ಹೀಗೆ ಸಮನಾಗಿ ಎರಡು ಭಾಗವಾಗಿ, ಒಂದೇ ಹೊತ್ತಿಗೆ ಮಲಗುವುದನ್ನು ನಾನು ಓದಿರಲಿಲ್ಲ, ಕೇಳಿರಲಿಲ್ಲ. ಇವತ್ತಿಗೂ ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ.

ಮರುದಿನದಿಂದ ಕ್ರಮ ಪ್ರಕಾರ ಕೆಲಸ ಹಿಡಿದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಕೈಯಿಟ್ಟು, ಉಸಿರು ಎಳೆಯಲು ಹೇಳಿ, ಜ್ವರಕ್ಕೆ ಊದಿದ ಗುಲ್ಮ ಎಷ್ಟು ಬೆರಳು ಇಳಿದಿದೆ ನೋಡುವುದು. ಬೆರಳ ತುದಿಗೆ ಸೂಜಿ ತಾಗಿಸಿ ಗಾಜಿನ ಮೇಲೆ ರಕ್ತದ ಹನಿ ಹಿಡಿಯುವುದು. ಗುಲ್ಮ ಕೈಗೆ ಸಿಗದ ಮಕ್ಕಳು ಒಂದಿಬ್ಬರು ಮಾತ್ರ. ಮಾಸ್ತರರು ನನ್ನ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದರು.

“ಈ ಹುಡುಗಿ ನೀರು ಬರೂಕಿಂತ ಮೊದಲ ಹದಿನಾರರ ಮಗ್ಗಿ ತನಕಾ ಹೇಳ್ತಿದ್ಲು” ಅಂದರು ಒಬ್ಬಳನ್ನು ತೋರಿಸಿ. “ಈಗ ಏಳರ ಮುಂದ ಹೋಗೂದಿಲ್ಲ. ಕಲತದ್ದು ಉಳಿಯಾಕ ಒಲ್ಲದು. ಜ್ವರದ ಬೆವರಿನ ಸಂಗಾಟ ಹರದು ಹೋಕ್ಕೈತಿ ಅನಸತೈತ್ರಿ ನನಗ.”

ಕಾಲುವೆಯ ಓವರಸಿಯರ ಕ್ಯಾಂಪು ಊರಿನಿಂದ ಹತ್ತಿರ. ಏರಿಗೆಂದು ಮಣ್ಣು ತೋಡಿದ ಹೊಂಡಗಳು ಕಾಲುವೆಯ ಗುಂಟ ಹಾಗೇ ಬಿದ್ದು, ಬಸಿದ ನೀರು ತುಂಬಿ ನಿಂತಿದ್ದವು. ಅದರಲ್ಲಿ ಸೊಳ್ಳೆಯ ಮರಿಗಳು ಕಣ್ಣಿಗೆ ಕಾಣುವಷ್ಟಿದ್ದವು. ತೋರಿಸಲೆಂದು ಓವರಸಿಯರರನ್ನು ಕರೆದೊಯ್ದೆ. ಯುವಕ, ಕೆಲಸದ ಮೇಲೆ ಅಭಿಮಾನವಿದ್ದವರು.

“ಈ ಭೂಮಿಗೆ ನೀರು ಕೊಡೂದು ನಮ್ಮ ಕೆಲಸ, ಕೊಟ್ಟೀವಿ. ಜ್ವರ ನಿಮ್ಮ ಖಾತೆ” ಅಂದರು. ಹಾಗೆ ಅಂದರೂ ವಾರದೊಳಗೆ ಆಳು ಹಚ್ಚಿ ಹೊಂಡಗಳಿಗೆ ಹರಿ ತೋಡಿಸಿ ನೀರು ಹೊರಗೆ ಬಿಡಿಸಿದರು. ಅದನ್ನು ನಾನು ಮರೆಯಬಾರದು.

ಇಬ್ಬರು ಪಂಪಿನವರ ಜೊತೆ ಡಿ.ಡಿ.ಟಿ. ಹೊಡೆಯಲು ಶುರು ಮಾಡಿದೆ. ಕಚೇರಿಯಿಂದ ಬಂದ ಕಾರ್ಡಿನಲ್ಲಿ ಎಲ್ಲ ಬರೆದಿತ್ತು. ಬಾಗಿಲ ಎಡಗಡೆಯಿಂದ ಆರಂಭಿಸಬೇಕು, ಗೋಡೆಯ ಬುಡದಿಂದ ಮೇಲಕ್ಕೆ, ಆಮೇಲೆ ಮಾಳಿಗೆಯ ತೊಲೆಗಳ ನಡುವೆ, ಕೊನೆಗೆ ದನದ ಕೊಟ್ಟಿಗೆ. ರೈತರ ಕೇರಿ, ಕುರುಬರ ಕೇರಿ ಮುಗಿದು ನೇಕಾರರ ಓಣಿಗೆ ಬಂದೆವು. ಅಲ್ಲಿ ಮನೆಗೊಂದು ಕುಣಿಮಗ್ಗ. ನೆಲದಲ್ಲಿ ಸೊಂಟದಾಳ ಕುಣಿ ತೋಡಿರುತ್ತಾರೆ. ನೇಕಾರ ಅಂಚಿನಲ್ಲಿ ಕುಳಿತು ಕಾಲು ಕೆಳಗಿಳಿಬಿಟ್ಟು ತುಳಿಯುತ್ತ, ಕುಣಿಯ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸಿನಲ್ಲಿ ನೇಯುತ್ತಾನೆ.

ಓಣಿಯ ಮೊದಲ ಮನೆಯ ನೇಕಾರ ಅಜ್ಜ ಬಾಗಿಲಲ್ಲೇ ತಡೆದರು. ಬನಹಟ್ಟಿ ಪೇಟೆಯಲ್ಲಿ ಅವರ ಮನೆಯ ಸೀರೆಯೆಂದರೆ ಅಂಚಿನ ದಡಿ ನೋಡಿಯೇ ಗುರುತು ಹಿಡಿಯುತ್ತಿದ್ದರಂತೆ.

“ಗ್ವಾಡಿಗೆ ಹೊಡೀರಿ, ಮಾಳಗಿಗೆ ಹೊಡೀರಿ. ಕುಣಿಯೊಳಗ ಬ್ಯಾಡ. ಬಿಳೀ ಪುಡಿ ಸಿಡದು ಹಾಸು ಕೆಟ್ಟಿತಂದ್ರ ಆ ಸೀರಿ ಯಾರೂ ಮುಟ್ಟೂದಿಲ್ಲ.”

ಕಾರ್ಡಿನಲ್ಲಿ ಕುಣಿಯ ಮಾತೇ ಇರಲಿಲ್ಲ. ಆಗಲಿ ಎಂದೆ. ಒಪ್ಪಿಕೊಂಡವನು ನಾನೇ, ಪಂಪಿನವರಲ್ಲ.

ಹೊರಡುವಾಗ ಅಜ್ಜ ಮಗ್ಗದ ಮೇಲಿನ ಸೀರೆ ತೋರಿಸಿದರು. ಅವರ ಇಬ್ಬರು ಮಕ್ಕಳಲ್ಲಿ ಹಿರಿಯ ಇವತ್ತಿನವ, ಕಿರಿಯ ನಾಳಿನವ. ಒಂದೇ ಮಗ್ಗದಲ್ಲಿ ದಿನಕ್ಕೊಬ್ಬರು ಕೂಡುತ್ತಿದ್ದರು. ಬಟ್ಟೆ ಒಂದು ಗೇಣು ಬಿಗಿ, ಒಂದು ಗೇಣು ಸಡಿಲ, ಮತ್ತೆ ಬಿಗಿ. “ಎರಡ ಕೈಯಾಗ ಬಂದದ್ದು ಒಂದ ಸೀರಿ ಅಲ್ರಿ ಅದು” ಅಂದರು. “ದಡಿ ಎತ್ತೂದು ಕಲಸಬೇಕಂದ್ರ ದಿನಾ ತಪ್ಪದ ಕುಂದರಬೇಕು. ಯಾವನ್ನ ಕುಂದರಸಲಿ?”

ಆದರೂ ಅವರಿಗೆ ಕಾಲುವೆಯ ಮೇಲೆ ಸಿಟ್ಟಿರಲಿಲ್ಲ. ನೀರು ಬಂದಾಗಿನಿಂದ ಕುಣಿಯೊಳಗೆ ತಂಪು ಏರಿತ್ತು. ಬೇಸಿಗೆಯಲ್ಲೂ ನೂಲು ಒಣಗಿ ಹರಿಯುತ್ತಿರಲಿಲ್ಲ. ನೇಕಾರನಿಗೆ ಅದಕ್ಕಿಂತ ಹೆಚ್ಚು ಏನು ಬೇಕು? ಜ್ವರವನ್ನೂ ಆ ತಂಪನ್ನೂ ಅವರು ಒಂದೇ ಕಡೆಯಿಂದ ಬಂದವೆಂದು ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ.

ಆರು ವಾರ ಬಿಟ್ಟು ಮತ್ತೆ ಹೋದೆ. ರೈತರ ಕೇರಿಯಲ್ಲಿ ಮಧ್ಯಾಹ್ನ ಕಟ್ಟೆಗಳು ಬಹುತೇಕ ಖಾಲಿ. ಹರಿ ತೋಡಿದ್ದು, ಔಷಧಿ ಹೊಡೆದದ್ದು ಎರಡೂ ಕೆಲಸ ಮಾಡಿದ್ದವು. ಸಮಾಧಾನದಿಂದ ಮೂಲೆ ತಿರುಗಿ ನೇಕಾರರ ಓಣಿಗೆ ಕಾಲಿಟ್ಟೆ. ಅಲ್ಲಿ ಕೌದಿಗಳು ಮೊದಲಿನ ಹಾಗೆಯೇ ನಡುಗುತ್ತಿದ್ದವು.

ಹಳೆಯ ಜ್ವರ ಮರುಕಳಿಸಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಅದನ್ನು ಖಚಿತ ಮಾಡಿಕೊಳ್ಳುವ ದಾರಿ ಒಂದೇ. ನಾವು ಔಷಧಿ ಹೊಡೆದ ಮೇಲೆ ಹುಟ್ಟಿದ ಕೂಸಿನ ರಕ್ತ ನೋಡಬೇಕು. ಆ ಕೂಸಿಗೆ ಹಳೆಯ ಜ್ವರ ಇರಲು ಸಾಧ್ಯವಿಲ್ಲ. ಇದ್ದರೆ ಅದು ಹೊಸದಾಗಿ ಕಚ್ಚಿದ್ದು. ಓಣಿಯಲ್ಲಿ ಅಂಥ ಕೂಸು ಒಂದೇ, ಅದೇ ಅಜ್ಜನ ಹಿರಿಯ ಸೊಸೆಯದು. ತೊಟ್ಟಿಲು ಮಗ್ಗದ ಪಕ್ಕದಲ್ಲೇ ತೂಗುಬಿಟ್ಟಿತ್ತು, ನೂಲಿನ ಕಂಡಿಕೆ ಸುತ್ತುತ್ತ ತೂಗಲು ಅನುಕೂಲವೆಂದು. ಸೊಸೆ ಸೆರಗು ಮುಂದೆಳೆದುಕೊಂಡು ಕೂಸಿನ ಹಿಮ್ಮಡಿ ನನ್ನ ಕಡೆ ಹಿಡಿದಳು. ಒಂದು ಹನಿ ತಗೊಂಡೆ.

ಸಾಲೆಯ ಹಿಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟಿದ್ದೆ. ಬಣ್ಣ ಹಾಕಿ ಒಣಗಿಸಿ ನೋಡಿದಾಗ ಜ್ವರದ ರೋಗಾಣುವಿನ ಉಂಗುರಗಳು ಕಂಡವು. ಗಾಜು ತೆಗೆದು, ಒರೆಸಿ, ಮತ್ತೆ ಇಟ್ಟು ನೋಡಿದೆ. ಇದ್ದವು.

ಮರುದಿನ ಅಜ್ಜನ ಮನೆಯನ್ನು ಮೂಲೆ ಬಿಡದೆ ಹುಡುಕಿದೆ. ಕೈಯಲ್ಲಿ ಟಾರ್ಚು, ಬಾಯಲ್ಲಿ ಸೊಳ್ಳೆ ಎಳೆಯುವ ಗಾಜಿನ ನಳಿಕೆ. ಗೋಡೆಯ ಮೇಲೆ ಒಂದೂ ಇಲ್ಲ. ತೊಲೆಗಳ ಸಂದಿಯಲ್ಲಿ ಇಲ್ಲ. ದೇವರ ಮಾಡದಲ್ಲಿ, ಕಾಳಿನ ಹಗೇವಿನ ಬಾಯಲ್ಲಿ, ಎಲ್ಲೂ ಇಲ್ಲ. ಎರಡು ತಾಸು ಕಳೆಯಿತು. ಅವತ್ತು ತಮ್ಮ ಪೇಟೆಗೆ ಹೋಗಿದ್ದರಿಂದ ಮಗ್ಗಕ್ಕೆ ಕೂತಿದ್ದ ಹಿರಿಯ ಮಗ, ಅಷ್ಟರಲ್ಲಿ ಪಾಳಿಯ ಹೊತ್ತಾಗಿ, ಎದ್ದು ಹೊರಗೆ ಹೋಗಿ ಮಲಗಿದ. ಮಗ್ಗದ ಹತ್ತಿರ ನಾನೊಬ್ಬನೇ. ಕಾಲು ಸೋತು, ಅವನು ಎದ್ದ ಜಾಗದಲ್ಲೇ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟೆ.

ಹೊರಗೆ ಅಷ್ಟು ಬಿಸಿಲಿದ್ದರೂ ಮೊಣಕಾಲಿನ ಕೆಳಗೆ ತಣ್ಣಗಾಯಿತು. ಅಂಗಾಲಿಗೆ ಒದ್ದೆ ಮಣ್ಣು ತಾಗಿತು. ಮೀನಖಂಡದ ಮೇಲೆ ಏನೋ ಸವರಿದಂತೆ ಆಯಿತು. ಗಾಳಿಯಿರಬೇಕು ಅಂದುಕೊಂಡೆ. ಆದರೆ ನೆಲದೊಳಗಿನ ಕುಣಿಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಹಾಸಿನ ಕೆಳಗೆ ತಲೆ ತಗ್ಗಿಸಿ ಟಾರ್ಚು ಬಿಟ್ಟೆ.

ಕುಣಿಯ ಮಣ್ಣಿನ ಗೋಡೆಗೆ ಯಾರೋ ಒತ್ತೊತ್ತಾಗಿ ಮುಳ್ಳು ನೆಟ್ಟ ಹಾಗಿತ್ತು. ತಲೆ ಗೋಡೆಗೆ ಊರಿ, ಹಿಂಭಾಗ ಎತ್ತಿ, ಎಲ್ಲವೂ ಒಂದೇ ಓರೆಯಲ್ಲಿ ಕೂತಿದ್ದವು. ಬೆಳಕು ಬಿದ್ದರೂ ಅಲುಗಲಿಲ್ಲ. ಹೊಟ್ಟೆಗಳು ಕೆಂಪಗೆ ತುಂಬಿದ್ದವು. ನನ್ನ ಎರಡೂ ಕಾಲು ಅವುಗಳ ನಡುವೆ ಇದ್ದವು.

ಕಾಲು ಮೇಲಕ್ಕೆ ಎಳೆದುಕೊಂಡೆ. ಗೋಡೆಗೆ ನಾವು ಹೊಡೆದ ಔಷಧಿ ಅವನ್ನೆಲ್ಲ ಕೊಂದಿರಲಿಲ್ಲ, ಅವು ಅಡಗುವ ಜಾಗವನ್ನು ಕಿರಿದು ಮಾಡಿತ್ತು, ಅಷ್ಟೇ. ಉಳಿದವೆಲ್ಲ ಮನೆಯಲ್ಲಿ ಔಷಧಿ ತಾಗದ ಒಂದೇ ತಾವು ಹುಡುಕಿಕೊಂಡು ಅಲ್ಲಿ ಇಳಿದಿದ್ದವು. ತಂಪು, ಕತ್ತಲೆ, ಮತ್ತು ದಿನವಿಡೀ ಕದಲದೆ ಕೂಡುವ ಕಾಲುಗಳು.

ಅಜ್ಜನನ್ನು ಕರೆದು ಟಾರ್ಚು ಅವರ ಕೈಗೇ ಕೊಟ್ಟೆ. ಕಷ್ಟಪಟ್ಟು ಮೊಣಕಾಲೂರಿ ಬಗ್ಗಿ ನೋಡಿದರು. ಬೆಳಕನ್ನು ಕುಣಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಆಡಿಸಿದರು.

“ಇಷ್ಟ ದಿನಾ ನಾವು ಇವುಗಳ ನಡುವ ಕಾಲಿಟ್ಟ ಕುಂತಿದ್ವಿ ಏನ್ರಿ?” ಅಂದರು.

“ಕುಣಿಗೆ ಔಷಧಿ ಹೊಡೀಬೇಕ್ರಿ ಅಜ್ಜಾರ. ಮಗ್ಗ ಖಾಲಿ ಮಾಡಬೇಕು.”

“ಹಾಸು ಏರಿಸಿ ಇನ್ನಾ ಮೂರ ದಿನಾ ಆಗಿಲ್ಲ. ಕತ್ತರಿಸಿದ್ರ ಪೂರಾ ಹೋದ್ಹಂಗ. ಇದೊಂದ ಇಳೀಲಿ. ಆಮ್ಯಾಲ ಹೊಡೀರಿ.”

“ಇದು ಇಳಿಯೂದ್ರಾಗ ತಿಂಗಳಾಕ್ಕೈತಿ.”

“ಓಣ್ಯಾಗ ಎಲ್ಲಾರ ಮಗ್ಗದ ಮ್ಯಾಲೂ ಹಾಸು ಅದಾವರೀ ಸಾಹೇಬ್ರ. ನಾ ಕತ್ತರಿಸಿದ್ರ ಎಲ್ಲಾರೂ ಕತ್ತರಿಸಬೇಕು. ನನ್ನ ಬಾಯಿಂದ ಅದು ಬರೂದಿಲ್ಲ.”

ಒತ್ತಾಯ ಮಾಡುವ ಅಧಿಕಾರ ನನಗೆ ಇರಲಿಲ್ಲ. ಇದ್ದಿದ್ದರೂ ಆ ಹಾಸನ್ನು ನೋಡುತ್ತ ಮಾಡಲಾಗುತ್ತಿರಲಿಲ್ಲ. ಅಡಿಗೆಮನೆಯ ಬಾಗಿಲ ಮರೆಯಲ್ಲಿ ಸೊಸೆ ನಿಂತಿದ್ದಳು. ಮಾವನ ಮುಂದೆ ಅವಳು ಮಾತಾಡಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

“ಸಾಹೇಬ್ರ, ಕೂಸಿನ ರಕ್ತದಾಗ ಏನ ಕಂಡ್ತು ಅಂತ ನೀವು ಇನ್ನಾ ಹೇಳಿಲ್ಲ.”

ಹೇಳಿದೆ. ಗುಳಿಗೆಯನ್ನು ಅರೆದು ಎಷ್ಟು ಕೊಡಬೇಕೆಂಬುದನ್ನೂ ಹೇಳಿದೆ.

ಅವಳು ಒಳಗೆ ಹೋದಳು. ಗುಳಿಗೆಗೆ ನೀರು ತರಲು ಹೋದಳೆಂದುಕೊಂಡೆ. ಬಂದಾಗ ಕೈಯಲ್ಲಿ ಈಳಿಗೆ ಇತ್ತು. ನಮ್ಮಿಬ್ಬರ ನಡುವೆ ಹಾದು ಮಗ್ಗದ ಹತ್ತಿರ ಕುಳಿತಳು.

“ಹಾಸು ಮತ್ತ ಏರಿಸಬಹುದು ಮಾವಾರ” ಅಂದಳು. ನೂಲಿನ ಒಂದು ಹಿಡಿ ಕೈಗೆ ತಗೊಂಡು ಈಳಿಗೆಗೆ ಒತ್ತಿದಳು. ಆಮೇಲೆ ಇನ್ನೊಂದು ಹಿಡಿ. ಬಿಗಿದಿದ್ದ ಎಳೆಗಳು ಕತ್ತರಿಸಿದ ಕಡೆಯಿಂದ ಹಿಂದಕ್ಕೆ ಸಿಡಿದು ನೆಲದ ಮೇಲೆ ಬಿದ್ದವು. ಅಜ್ಜ ತಡೆಯಲಿಲ್ಲ. ಗೋಡೆಗೆ ಆತುಕೊಂಡು, ಎಲ್ಲ ಮುಗಿಯುವ ತನಕ ಕಣ್ಣು ಮುಚ್ಚಿದ್ದರು. ಆಮೇಲೆ ರುಮಾಲು ಸುತ್ತಿಕೊಂಡು ಓಣಿಗಿಳಿದು ಮನೆಮನೆಗೆ ಹೋದರು.

ಮಗ್ಗಗಳು ಖಾಲಿಯಾಗುವಷ್ಟರಲ್ಲಿ ನನಗೆ ನನ್ನದೇ ತೊಡಕು ಎದುರಾಯಿತು. ಈ ಊರಿಗೆಂದು ಬಂದ ಔಷಧಿ ಮುಗಿದಿತ್ತು. ಸಾಲೆಯ ಕೋಣೆಯಲ್ಲಿ ಉಳಿದದ್ದು ಎರಡು ಚೀಲ. ಅವು ಕಾಲುವೆಯ ಕೆಳಗಿನ, ಬೀಳಗಿಯ ದಿಕ್ಕಿನ ಊರಿನವು. ಆ ಊರಿಗೆ ನೀರು ಬಂದು ಎರಡು ತಿಂಗಳಾಗಿತ್ತು. ಅಲ್ಲಿಂದ ಜ್ವರದ ಸುದ್ದಿ ಇನ್ನೂ ಬಂದಿರಲಿಲ್ಲ. ಹೊಸ ಚೀಲಗಳಿಗೆ ಅಂದೇ ಕಚೇರಿಗೆ ತಾರು ಕಳಿಸಿದೆ. ವಾರದಲ್ಲಿ ಬರಬಹುದು, ಬಾರದೆಯೂ ಇರಬಹುದು. ಕುಣಿಗಳಿಗೆ ಹೊಡೆಯುವುದನ್ನು ತಡ ಮಾಡಿದರೆ ಕತ್ತರಿಸಿದ ಹಾಸುಗಳಿಗೆ ಅರ್ಥವಿರಲಿಲ್ಲ. ಖಾಲಿ ಮಗ್ಗದ ಮುಂದೆ ಯಾವ ನೇಕಾರನೂ ವಾರ ಕೂಡುವುದಿಲ್ಲ.

ಚೀಲದ ಹೊಲಿಗೆ ಬಿಚ್ಚುವಾಗ ಹಿರಿಯ ಪಂಪಿನವನು ಕೈ ತಡೆದ. “ಇವು ಕೆಳಗಿನ ಊರಿನವು ಅಲ್ರಿ?”

“ಹೌದು.”

“ಕಾರ್ಡಿನ್ಯಾಗ ಕುಣಿ ಇಲ್ರಿ.”

“ಇಲ್ಲ. ಬರಿ, ನಾನ ಹೇಳ್ದೆ ಅಂತ ಬರಿ.”

ಎರಡು ದಿನ ಕುಣಿ ಕುಣಿಗೆ ಇಳಿದು ಹೊಡೆದೆವು. ಪಂಪಿನ ಮೂತಿಯಿಂದ ಮಂಜು ಬಿದ್ದ ಕೂಡಲೇ ಗೋಡೆ ಹರಿದು ಎದ್ದ ಹಾಗೆ ಅವು ಮೇಲೆದ್ದವು. ಮುಖಕ್ಕೆ, ಕಿವಿಗೆ, ಬಾಯಿಗೆ ಬಡಿದವು. ಮರುದಿನ ಬೆಳಿಗ್ಗೆ ಹೆಂಗಸರು ಕುಣಿಯ ತಳದಿಂದ ಅವನ್ನು ಹೊಟ್ಟು ತುಂಬುವ ಹಾಗೆ ಮೊರಕ್ಕೆ ತುಂಬಿ ತಂದು ಓಣಿಯ ತುದಿಯಲ್ಲಿ ಸುರುವಿದರು.

ಸಂಕ್ರಾಂತಿಯ ಹೊತ್ತಿಗೆ ಓಣಿಯ ಕಟ್ಟೆಗಳ ಮೇಲೆ ಕೌದಿ ಕಾಣುವುದು ಅಪರೂಪವಾಯಿತು. ಕೂಸಿನ ರಕ್ತ ಎರಡು ಸಲ ನೋಡಿದೆ, ಎರಡೂ ಸಲ ಶುದ್ಧವಿತ್ತು. ಮಾಸ್ತರರು ಎರಡು ಹಾಜರಿ ಪುಸ್ತಕಗಳನ್ನು ಒಂದಾಗಿ ಬರೆಯುತ್ತ, ಹೆಸರುಗಳ ಕ್ರಮ ಹೇಗಿರಬೇಕೆಂದು ನನ್ನನ್ನು ಕೇಳಿದರು. ಅಜ್ಜನ ಕಿರಿಯ ಮಗ ಮಾತ್ರ ಅಷ್ಟರಲ್ಲಿ ಮಗ್ಗ ಸಾಕೆಂದು ಸೊಲ್ಲಾಪುರದ ಗಿರಣಿಗೆ ಹೋಗಿಬಿಟ್ಟಿದ್ದ. ಅವನ ಹಾಗೆ ಇನ್ನೂ ನಾಲ್ಕಾರು ಮಂದಿ ಹೋಗಿದ್ದರು. ದಡಿ ಎತ್ತುವುದನ್ನು ಅಜ್ಜ ಸೊಸೆಗೆ ಕಲಿಸುತ್ತಿದ್ದರು.

ಔಷಧಿಯ ಚೀಲಗಳು ಬಂದದ್ದು ಒಂದು ವಾರಕ್ಕಲ್ಲ, ನಾಲ್ಕು ವಾರಕ್ಕೆ. ಬಂದ ದಿನವೇ ಬಂಡಿ ಹೂಡಿಸಿ ಕೆಳಗಿನ ಊರಿಗೆ ಹೊರಟೆವು. ಊರ ಅಗಸಿ ಬಾಗಿಲಲ್ಲಿ ಗೌಡರು ಎದುರಾದರು. ಬರುತ್ತೇವೆಂದು ಎರಡು ಸಲ ಹೇಳಿಕಳಿಸಿದ್ದೆ. ಎರಡು ಸಲವೂ ನಾವು ಬಂದಿರಲಿಲ್ಲ.

“ಔಷಧ ಎಲ್ಲಿತ್ರಿ ಇಷ್ಟ ದಿನಾ?”

ದಾರಿಯುದ್ದಕ್ಕೂ ಬೇರೆ ಬೇರೆ ಉತ್ತರ ಕೂಡಿಸಿಕೊಂಡು ಬಂದಿದ್ದೆ. ತಾರಿನ ಮಾತು, ರೇಲ್ವೆಯ ಮಾತು. ಅವರ ಮುಖ ನೋಡಿದ ಮೇಲೆ ಅವು ಯಾವುವೂ ಬಾಯಿಗೆ ಬರಲಿಲ್ಲ. “ನಿಮ್ಮ ಊರಿನ ಔಷಧಿ ಮ್ಯಾಲಿನ ಊರಿಗೆ ಹೊಡಸಿದೆ. ಅಲ್ಲಿ ಜ್ವರ ಭಾಳ ಇತ್ತು. ನಾನ ತೀರ್ಮಾನ ಮಾಡಿದ್ದು” ಅಂದೆ.

ಗೌಡರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹಗುರವಾಗುತ್ತಿತ್ತು. ತಿರುಗಿ ನಡೆದರು. ಪಂಪು ಹೊತ್ತುಕೊಂಡು ನಾವು ಅವರ ಹಿಂದೆ ಹೋದೆವು. ಊರಿನ ನಡುವೆ ಒಂದು ಮನೆಯ ಮುಂದೆ ನಿಂತರು. ಅಂಗಳದ ತುಂಬ ಕಟ್ಟಿಗೆಯ ಚಕ್ಕೆ, ಗಾಳಿಗೆ ಒಂದು ಕಡೆ ಗುಡ್ಡೆಯಾಗಿದ್ದವು. ಪಡಸಾಲೆಯಲ್ಲಿ ಬಂಡಿಯ ಗಾಲಿಯೊಂದು ಗೋಡೆಗೊರಗಿತ್ತು. ಅದರ ಒಂದು ಅರ್ಧಕ್ಕೆ ಅರೆಕಾಲುಗಳನ್ನು ಕೂಡಿಸಿತ್ತು, ಇನ್ನೊಂದು ಅರ್ಧ ಬರಿದು.

“ಬಡಿಗ್ಯಾರ ಮನಿ” ಅಂದರು ಗೌಡರು. “ಜ್ವರ ತಲಿಗೇರಿ ಮೂರ ದಿನದಾಗ ಹೋದ. ಸುತ್ತ ಐದ ಹಳ್ಳಿಗೆ ಅವನೊಬ್ಬನ ಇದ್ದ, ಗಾಲಿ ಮಾಡಾಂವ. ಹೆಂಡ್ತಿ ಮಕ್ಕಳನ್ನ ಕರಕೊಂಡು ತವರಿಗೆ ಹೋಗ್ಯಾಳ. ಇಲ್ಲಿಂದ ಸುರು ಮಾಡ್ರಿ.”

ಕಿರಿಯ ಪಂಪಿನವನು ನನ್ನ ಮುಖ ನೋಡಿದ. “ಈ ಮನ್ಯಾಗ ಈಗ ಯಾರೂ ಇಲ್ಲಲ್ರಿ ಗೌಡ್ರ?”

“ಇಲ್ಲ. ಇಲ್ಲಿಂದ ಸುರು ಮಾಡ್ರಿ.”

ಪಂಪಿನ ಮೂತಿಯನ್ನು ನಾನೇ ಕೈಗೆ ತಗೊಂಡೆ. ಬಾಗಿಲ ಎಡಗಡೆಯಿಂದ ಆರಂಭಿಸಿ, ಗೋಡೆಯ ಬುಡದಿಂದ ಮೇಲಕ್ಕೆ, ಆಮೇಲೆ ತೊಲೆಗಳ ನಡುವೆ, ಒಂದು ಗೇಣೂ ಬಿಡದೆ ಹೊಡೆದೆ. ಗೌಡರು ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದರು.